ಸೊನ್ನೆ ಮೂರು, ಪ್ರಶ್ನೆ ಮೂರು

(ಕಂದಿಕೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಾಠ)



ದತ್ತಿ ಉಪನ್ಯಾಸವೆಂದರೆ ವಚನ, ದಾಸಸಾಹಿತ್ಯ, ಜಾನಪದ ಇವುಗಳಲ್ಲಿ ಒಂದರ ಮೇಲೆ ಎಂದು ನಿರೀಕ್ಷಿಸುವುದು ನಮ್ಮ ಕಡೆಯ ರೂಢಿ. ವಿಜ್ಞಾನದ ಒಂದು ವಿಷಯವನ್ನು ಊರಿನವರಿಗೆ ಉಪಯೋಗವಾಗುವಂತೆ ಹೇಳಿ ಎಂದು ನನ್ನನ್ನು ಕರೆದಿದ್ದೀರಿ. ನಾನು ಆರಿಸಿಕೊಂಡ ವಿಷಯ ಬಹಳ ಸಣ್ಣದು: ಸಾಂದ್ರತೆಯ ಮೆಟ್ರಿಕ್ ಮಾನಗಳನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುವುದು. ಪರೀಕ್ಷೆಯಲ್ಲಿ ಇದಕ್ಕೆ ಒಂದು ಅಂಕ, ಹೆಚ್ಚೆಂದರೆ ಎರಡು. ಅಷ್ಟಕ್ಕೆ ಒಂದು ಸಭೆ ಬೇಕೆ ಎಂದು ನಿಮಗನ್ನಿಸಿದರೆ ತಪ್ಪಲ್ಲ.

ಆದರೆ ನಮ್ಮ ಹೋಬಳಿಯಿಂದ ಹೊರಗೆ ಹೋಗುವ ಸರಕುಗಳನ್ನು ಒಮ್ಮೆ ನೆನೆಯಿರಿ. ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಕ್ವಿಂಟಾಲ್ ಲೆಕ್ಕದಲ್ಲಿ ಹೋಗುತ್ತದೆ, ಚೀಲದ ಲೆಕ್ಕದಲ್ಲಿ ಲಾರಿ ಏರುತ್ತದೆ. ಎಣ್ಣೆ ಲೀಟರಿನಲ್ಲೂ ಸಿಗುತ್ತದೆ, ಕಿಲೋದಲ್ಲೂ ಸಿಗುತ್ತದೆ. ಹಾಲನ್ನು ಒಂದು ಕಡೆ ತೂಗುತ್ತಾರೆ, ಇನ್ನೊಂದು ಕಡೆ ಅಳೆಯುತ್ತಾರೆ. ತೆಂಗಿನ ನಾರಿನ ಪುಡಿ ಹಡಗಿನ ಕಂಟೇನರ್ ತುಂಬುತ್ತದೆ. ನಮ್ಮ ತಾಲ್ಲೂಕಿನ ಗುಡ್ಡಗಳ ಕಬ್ಬಿಣದ ಅದಿರಿನ ರಾಶಿಯನ್ನು ಘನ ಮೀಟರಿನಲ್ಲಿ ಅಳೆದು ಟನ್ನಿನಲ್ಲಿ ಮಾರಿದ್ದಾರೆ. ಗಾತ್ರದಿಂದ ತೂಕಕ್ಕೆ, ತೂಕದಿಂದ ಗಾತ್ರಕ್ಕೆ ದಾಟುವ ಇಂಥ ಪ್ರತಿಯೊಂದು ಕಡೆಯಲ್ಲೂ ಸಾಂದ್ರತೆ ಕೂತಿದೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಮಾನ ಬದಲಿಸುವ ಲೆಕ್ಕದಲ್ಲಿ ಮೂರು ಸೊನ್ನೆ ಬಿಟ್ಟರೆ ಹೆಚ್ಚೇನೂ ಇಲ್ಲ, ಆ ಲೆಕ್ಕದಲ್ಲಿ ಯಾರೂ ಹಣ ಕಳೆದುಕೊಳ್ಳುವುದಿಲ್ಲ. ಹಣ ಹೋಗುವುದು ಆ ಅಂಕಿಯನ್ನು ನಂಬುವ ಮೊದಲು ಕೇಳಬೇಕಾದ ಮೂರು ಪ್ರಶ್ನೆಗಳನ್ನು ಕೇಳದೆ ಬಿಟ್ಟಾಗ. ಎಷ್ಟು ಬಿಸಿಯಲ್ಲಿ ಅಳೆದದ್ದು? ಎಷ್ಟು ತೇವ ಇತ್ತು? ಸಂದಿನ ಗಾಳಿಯನ್ನು ಸೇರಿಸಿದ್ದಾರೋ, ಬಿಟ್ಟಿದ್ದಾರೋ?

ಮೂರು ಸೊನ್ನೆ

ಒಂದು ಗೊತ್ತಾದ ಗಾತ್ರದಲ್ಲಿ ಎಷ್ಟು ದ್ರವ್ಯರಾಶಿ ಇದೆ ಎಂಬುದೇ ಸಾಂದ್ರತೆ. ಸಂತೆಯ ಮಾತಿನಲ್ಲಿ ದ್ರವ್ಯರಾಶಿಯನ್ನು ತೂಕ ಎನ್ನುತ್ತೇವೆ; ಇವತ್ತು ನಾನೂ ಹಾಗೆಯೇ ಅನ್ನುತ್ತೇನೆ.

ಒಂದು ಮೀಟರಿಗೆ 100 ಸೆಂಟಿಮೀಟರ್. ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮೀಟರ್ ಇರುವ ತೊಟ್ಟಿಯಲ್ಲಿ 100×100×100, ಅಂದರೆ 10 ಲಕ್ಷ ಘನ ಸೆಂಟಿಮೀಟರ್. ಪ್ರತಿ ಘನ ಸೆಂಟಿಮೀಟರಿಗೆ ಒಂದು ಗ್ರಾಂ ತೂಗುವ ವಸ್ತುವಿನಿಂದ ಆ ತೊಟ್ಟಿ ತುಂಬಿದರೆ 10 ಲಕ್ಷ ಗ್ರಾಂ, ಅಂದರೆ 1000 ಕಿಲೋ. ಆದ್ದರಿಂದ ಗ್ರಾಂ/ಘನ ಸೆಂ.ಮೀ. ಇದ್ದದ್ದನ್ನು ಕಿಲೋ/ಘನ ಮೀಟರ್ ಮಾಡಲು 1000ದಿಂದ ಗುಣಿಸಬೇಕು, ಹಿಂದಕ್ಕೆ ಬರಲು 1000ದಿಂದ ಭಾಗಿಸಬೇಕು.

ಮಕ್ಕಳು ಎಡವುವ ಜಾಗ ಇದೇ. ಗ್ರಾಂ ಕಿಲೋ ಆಗುವಾಗ ಅಂಕಿ ಚಿಕ್ಕದಾಗುತ್ತದೆ ಎಂಬುದಷ್ಟೇ ನೆನಪಿರುತ್ತದೆ; ಕೆಳಗಿನ ಗಾತ್ರ 10 ಲಕ್ಷ ಪಟ್ಟು ಹಿಗ್ಗಿದ್ದು ಮರೆತುಹೋಗುತ್ತದೆ. ಪಾದರಸದ 13.6 ಗ್ರಾಂ/ಘನ ಸೆಂ.ಮೀ. ಅನ್ನು 0.0136 ಕಿಲೋ/ಘನ ಮೀಟರ್ ಎಂದು ಬರೆದುಬಿಡುತ್ತಾರೆ. ನಾವು ಉಸಿರಾಡುವ ಗಾಳಿಯೇ ಘನ ಮೀಟರಿಗೆ ಸುಮಾರು 1.2 ಕಿಲೋ ತೂಗುತ್ತದೆ. ಪಾದರಸ ಗಾಳಿಗಿಂತ ಹಗುರ ಎಂದು ಉತ್ತರ ಬಂದರೆ ಉತ್ತರವನ್ನೇ ಅನುಮಾನಿಸಬೇಕು. ಸರಿಯಾದದ್ದು 13,600. ಸಂಶಯ ಬಂದಾಗಲೆಲ್ಲ ಮೊದಲು ನೀರಿಗೆ ಲೆಕ್ಕ ಹಾಕಿ: ಒಂದು ಘನ ಮೀಟರ್ ನೀರು ಒಂದು ಟನ್ ಬರದಿದ್ದರೆ ಸೊನ್ನೆ ತಪ್ಪಿದೆ ಎಂದು ಅರ್ಥ.

ಲೀಟರ್ ಸೇರಿಸಿಕೊಂಡರೆ ಕೆಲಸ ಇನ್ನೂ ಹಗುರ. ಒಂದು ಲೀಟರ್ ಎಂದರೆ 1000 ಘನ ಸೆಂ.ಮೀ., ಸಾವಿರ ಲೀಟರಿಗೆ ಒಂದು ಘನ ಮೀಟರ್. ಹಾಗಾಗಿ ಗ್ರಾಂ/ಘನ ಸೆಂ.ಮೀ., ಗ್ರಾಂ/ಮಿಲಿಲೀಟರ್, ಕಿಲೋ/ಲೀಟರ್, ಟನ್/ಘನ ಮೀಟರ್ ಈ ನಾಲ್ಕರಲ್ಲೂ ಅಂಕಿ ಒಂದೇ. ಇದು ಮೇಲಿನ ಮೆಟ್ಟಿಲು. ಅದರ ಕೆಳಗೆ ಕಿಲೋ/ಘನ ಮೀಟರ್ ಮತ್ತು ಗ್ರಾಂ/ಲೀಟರ್. ಇವೆರಡರಲ್ಲೂ ಅಂಕಿ ಒಂದೇ. ಅದಕ್ಕೂ ಕೆಳಗೆ ಗ್ರಾಂ/ಘನ ಮೀಟರ್ ಮತ್ತು ಮಿಲಿಗ್ರಾಂ/ಲೀಟರ್. ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಇಳಿಯಲು ಮೂರು ಸೊನ್ನೆ ಸೇರಿಸಿ, ಹತ್ತಲು ಮೂರು ಸೊನ್ನೆ ತೆಗೆಯಿರಿ. ಗೋಧಿ ವ್ಯಾಪಾರದಲ್ಲಿ ಬಳಸುವ ಕಿಲೋ/ಹೆಕ್ಟೋಲೀಟರ್ ಇದಕ್ಕೆ ಹೊರತು. ಹೆಕ್ಟೋಲೀಟರ್ ಎಂದರೆ 100 ಲೀಟರ್. ಅಲ್ಲಿ 78 ಎಂದಿದ್ದರೆ ಹತ್ತರಿಂದ ಗುಣಿಸಿ 780 ಕಿಲೋ/ಘನ ಮೀಟರ್ ಎಂದು ಓದಿಕೊಳ್ಳಬೇಕು.

ಕೆಳಗಿನ ಮೆಟ್ಟಿಲು ನಮ್ಮ ಬೋರ್‌ವೆಲ್ಲಿಗೆ ಸಂಬಂಧಿಸಿದ್ದು. ನೀರಿನ ಪರೀಕ್ಷೆಯ ವರದಿಯಲ್ಲಿ ಕರಗಿದ ಲವಣಾಂಶ ಲೀಟರಿಗೆ 1000 ಮಿಲಿಗ್ರಾಂ ಎಂದಿದ್ದರೆ ಓದಿ ಪಕ್ಕಕ್ಕಿಡುತ್ತೇವೆ. ಅದನ್ನೇ ಒಂದು ಮೆಟ್ಟಿಲು ಹತ್ತಿಸಿ: ಲೀಟರಿಗೆ 1 ಗ್ರಾಂ. ಹನಿ ನೀರಾವರಿಯಲ್ಲಿ ಒಂದು ತೆಂಗಿನ ಮರಕ್ಕೆ ದಿನಕ್ಕೆ 50 ಲೀಟರ್ ಬಿಟ್ಟರೆ ಬುಡಕ್ಕೆ ದಿನವೂ 50 ಗ್ರಾಂ ಲವಣ ಹಾಕಿದಂತಾಯಿತು. ತೋಟಕ್ಕೆ ಒಂದು ಲಕ್ಷ ಲೀಟರ್ ಹರಿಸಿದರೆ ಒಂದು ಕ್ವಿಂಟಾಲ್ ಲವಣ. ವರದಿಯ ಅಂಕಿ ಬದಲಾಗಿಲ್ಲ, ಅದು ಬೇಸಾಯದ ಲೆಕ್ಕಕ್ಕೆ ಬಂತು. ತುಮಕೂರು ಜಿಲ್ಲೆಗೆ ಗೊತ್ತಿರುವ ಫ್ಲೋರೈಡ್ ತೊಂದರೆಯನ್ನೂ ಹೀಗೆಯೇ ಓದಬೇಕು. ಕುಡಿಯುವ ನೀರಿಗೆ ಭಾರತೀಯ ಮಾನಕ ಹಾಕಿರುವ ಕೊನೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ, ಅಂದರೆ ಸಾವಿರ ಲೀಟರಿನ ಟ್ಯಾಂಕಿಗೆ ಬರೀ ಒಂದೂವರೆ ಗ್ರಾಂ.

ಅಳತೆ ಮಾಡಿದವರಿಗೂ ಬಿಡದ ಪ್ರಶ್ನೆ

ನೀರಿನ ಸಾಂದ್ರತೆ ಅಷ್ಟು ಚೊಕ್ಕವಾಗಿ ಒಂದು ಬರುವುದು ಆಕಸ್ಮಿಕವಲ್ಲ. ಹಾಗೆ ಬರಲೆಂದೇ ಮಾನಗಳನ್ನು ಕಟ್ಟಿದರು. ಫ್ರಾನ್ಸಿನ 1795ರ ಕಾನೂನು ಒಂದು ಘನ ಸೆಂಟಿಮೀಟರ್ ಶುದ್ಧ ನೀರಿನ ತೂಕವನ್ನೇ ಗ್ರಾಂ ಎಂದು ಕರೆಯಿತು. ಕರೆಯುವಾಗಲೇ ಷರತ್ತನ್ನೂ ಹಾಕಿತು: ಮಂಜುಗಡ್ಡೆ ಕರಗುವ ಉಷ್ಣತೆಯಲ್ಲಿರುವ ನೀರು. 1799ರಲ್ಲಿ ಪ್ಲಾಟಿನಂನ ಮೂಲ ಕಿಲೋಗ್ರಾಂ ತಯಾರಾಗುವ ಹೊತ್ತಿಗೆ ಷರತ್ತು ಬದಲಾಗಿತ್ತು; ನೀರು ಅತ್ಯಂತ ದಟ್ಟವಾಗಿರುವುದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂದು ಕಂಡುಕೊಂಡು ಅದನ್ನೇ ಹಿಡಿದರು. ನಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲನೆಯದು ಅಳತೆ ಹುಟ್ಟಿದ ದಿನವೇ ಹುಟ್ಟಿದೆ.

1901ರಲ್ಲಿ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಮಹಾಸಮ್ಮೇಳನವು ಅತಿ ದಟ್ಟವಾದ ಸ್ಥಿತಿಯಲ್ಲಿ ಒಂದು ಕಿಲೋ ನೀರು ತುಂಬುವ ಜಾಗವೇ ಒಂದು ಲೀಟರ್ ಎಂದು ತೀರ್ಮಾನಿಸಿತು. ಆದರೆ ಲೋಹದ ಮೂಲ ಕಿಲೋ ಉದ್ದೇಶಿಸಿದ್ದಕ್ಕಿಂತ ಕೂದಲೆಳೆಯಷ್ಟು ಭಾರವಾಗಿತ್ತು. ಹಾಗಾಗಿ ಆ ಲೀಟರ್ 1000 ಘನ ಸೆಂ.ಮೀ. ಆಗದೆ 1000.028 ಆಯಿತು. 1964ರಲ್ಲಿ ಮಹಾಸಮ್ಮೇಳನ ಆ ತೀರ್ಮಾನವನ್ನು ಕೈಬಿಟ್ಟು ಲೀಟರನ್ನು ಮತ್ತೆ 1000 ಘನ ಸೆಂ.ಮೀ.ಗೆ ತಂದಿತು. ನಡುವಿನ 63 ವರ್ಷ ಗ್ರಾಂ/ಮಿಲಿಲೀಟರ್ ಬೇರೆ, ಗ್ರಾಂ/ಘನ ಸೆಂ.ಮೀ. ಬೇರೆ. ವ್ಯತ್ಯಾಸ ಟನ್ನಿಗೆ 28 ಗ್ರಾಂ. ಕೊಬ್ಬರಿ ವ್ಯಾಪಾರಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಆ ಕಾಲದ ಕೋಷ್ಟಕಗಳನ್ನು ಇವತ್ತು ತೆರೆಯುವ ವಿದ್ಯಾರ್ಥಿಗೆ ಗೊತ್ತಿರಬೇಕಾದ ಸಂಗತಿ.

ನಮ್ಮ ದೇಶದಲ್ಲಿ 1956ರ ಕಾಯ್ದೆಯ ಬೆನ್ನಿಗೆ 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಬಂದವು. ಅದಕ್ಕೆ ಮೊದಲು ಇಲ್ಲಿ ರಾಗಿ, ಅವರೆ, ಹುರುಳಿಗಳನ್ನು ಪಾವು, ಸೇರು, ಬಳ್ಳ, ಕೊಳಗಗಳಲ್ಲಿ ಅಳೆಯುತ್ತಿದ್ದರು, ಬೆಲ್ಲದಂಥವನ್ನು ಮಣದಲ್ಲಿ ತೂಗುತ್ತಿದ್ದರು. ಸೇರಿನಿಂದ ಕಿಲೋಗೆ ಬಂದಾಗ ಜನ ಮಾಡಿದ್ದು ಬರೀ ಹೆಸರಿನ ಬದಲಾವಣೆಯಲ್ಲ. ಗಾತ್ರದಿಂದ ತೂಕಕ್ಕೆ ದಾಟಿದರು. ರಾಗಿಯ ಸೇರಿಗೆ ಒಂದು ತೂಕ, ಅವರೆಯ ಸೇರಿಗೆ ಇನ್ನೊಂದು ತೂಕ. ತಲೆ ಸವರಿ ಅಳೆದ ಸೇರು ಬೇರೆ, ಗೋಪುರ ಕಟ್ಟಿ ಅಳೆದ ಸೇರು ಬೇರೆ. ಕಣದಲ್ಲಿ ಕೂತು ರಾಶಿ ಅಳೆದವರು ಸಾಂದ್ರತೆ ಎಂಬ ಪದ ಕೇಳಿರಲಿಕ್ಕಿಲ್ಲ. ಅಳೆಯುವಾಗ ಸೇರನ್ನು ಕುಲುಕಬಾರದು ಎಂದು ಅವರು ಹಾಕುತ್ತಿದ್ದ ಕಟ್ಟುಪಾಡು ಸಾಂದ್ರತೆಯ ಪಾಠವೇ. ಕುಲುಕಿದರೆ ಸಂದಿನ ಗಾಳಿ ಹೊರಟುಹೋಗಿ ಅದೇ ಸೇರಿಗೆ ಹೆಚ್ಚು ಕಾಳು ಹಿಡಿಯುತ್ತದೆ.

ಎಷ್ಟು ಬಿಸಿಯಲ್ಲಿ?

ಈಗ ಒಂದೊಂದಾಗಿ ನೋಡೋಣ. ಮೊದಲನೆಯದಕ್ಕೆ ಸಾಕ್ಷಿ ಕೊಬ್ಬರಿ ಎಣ್ಣೆ.

ಕೊಬ್ಬರಿ ಎಣ್ಣೆಯ ಸಾಪೇಕ್ಷ ಸಾಂದ್ರತೆ 30 ಡಿಗ್ರಿಯಲ್ಲಿ 0.915ರಿಂದ 0.920. ಸಾಪೇಕ್ಷ ಎಂದರೆ ಅದೇ 30 ಡಿಗ್ರಿಯ ನೀರಿಗೆ ಹೋಲಿಸಿದ ಅಂಕಿ, ಅದಕ್ಕೆ ಮಾನವಿಲ್ಲ. ಆ ಅಂಕಿಗೇ ನೇರವಾಗಿ ಮೂರು ಸೊನ್ನೆ ಹಚ್ಚಿ 915 ಕಿಲೋ/ಘನ ಮೀಟರ್ ಎಂದರೆ ಪೂರ್ತಿ ಸರಿಯಾಗದು. ನೀರು 30 ಡಿಗ್ರಿಯಲ್ಲಿ 1000 ಅಲ್ಲ, ಸುಮಾರು 995.7. ಅದರಿಂದ ಗುಣಿಸಿದರೆ ಎಣ್ಣೆಯ ನಿಜವಾದ ಸಾಂದ್ರತೆ ಘನ ಮೀಟರಿಗೆ 911ರಿಂದ 916 ಕಿಲೋ, ಅಂದರೆ ಲೀಟರಿಗೆ 911ರಿಂದ 916 ಗ್ರಾಂ. ಅಂಗಡಿಯ ಒಂದು ಲೀಟರ್ ಎಣ್ಣೆ ಪೊಟ್ಟಣಗಳ ಮೇಲೆ 910 ಗ್ರಾಂ ಎಂದು ನೀವು ಓದಿರುವ ಅಂಕಿಗೆ ಇದು ಹತ್ತಿರ.

ಬಿಸಿ ಏರಿದಂತೆ ಎಣ್ಣೆ ಹಿಗ್ಗುತ್ತದೆ, ಅದೇ ಲೀಟರ್ ಹಗುರವಾಗುತ್ತದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಇದನ್ನೇ ಎತ್ತಿಕೊಂಡಿತು. ಕೆಲವು ತಯಾರಕರು ಪೊಟ್ಟಣದ ಮೇಲೆ ಒಂದು ಲೀಟರ್ ಎಂದು ಬರೆದು, ಪಕ್ಕದಲ್ಲಿ 60 ಡಿಗ್ರಿಯಂಥ ಉಷ್ಣತೆಯನ್ನು ನಮೂದಿಸುತ್ತಿದ್ದರು. ಇಲಾಖೆ ಕೊಟ್ಟ ಉದಾಹರಣೆಯಂತೆ ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919.1 ಗ್ರಾಂ, 60 ಡಿಗ್ರಿಯಲ್ಲಿ 892.6 ಗ್ರಾಂ. ಒಂದು ಲೀಟರ್ ಎಂಬ ಮಾತು ಎರಡು ಕಡೆಯೂ ಸುಳ್ಳಲ್ಲ, ಆದರೆ 26.5 ಗ್ರಾಂ ಎಣ್ಣೆ ಕಡಿಮೆ. ಉಷ್ಣತೆಯ ಉಲ್ಲೇಖ ತೆಗೆದು ಗಾತ್ರದ ಜೊತೆಗೆ ತೂಕವನ್ನೂ ಬರೆಯಬೇಕೆಂದು ಇಲಾಖೆ ಸೂಚಿಸಿತು. ಬಿಸಿಗೆ ಗಾತ್ರ ಬದಲಾಗುತ್ತದೆ, ತೂಕ ಬದಲಾಗುವುದಿಲ್ಲ. ಆದ್ದರಿಂದ ಪೊಟ್ಟಣ ತೆಗೆದುಕೊಳ್ಳುವಾಗ ಗ್ರಾಂ ಓದಿ ಎಂಬುದು ನನ್ನ ಸಲಹೆ.

ಡಬ್ಬದ ಎಣ್ಣೆಯಲ್ಲಂತೂ ಇದು ಕಣ್ಣಿಗೆ ಹೊಡೆಯುವಂತಿದೆ. ಮಾರುಕಟ್ಟೆಯಲ್ಲಿ 15 ಕಿಲೋ ಡಬ್ಬವೂ ಇದೆ, 15 ಲೀಟರ್ ಡಬ್ಬವೂ ಇದೆ. 15 ಲೀಟರನ್ನು 0.91ರಿಂದ ಗುಣಿಸಿದರೆ 13.65 ಕಿಲೋ. ಎರಡನ್ನೂ ‘ಹದಿನೈದರ ಡಬ್ಬ’ ಎಂದೇ ಕರೆದರೆ ವ್ಯತ್ಯಾಸ 1 ಕಿಲೋ 350 ಗ್ರಾಂ. ಮದುವೆ ಮನೆಯ ಸಾಮಾನು ಪಟ್ಟಿ ಬರೆಯುವವರು ಸಂಖ್ಯೆಯ ಮುಂದೆ ಮಾನವನ್ನೂ ಬರೆಯಲಿ.

ಕೊಬ್ಬರಿ ಎಣ್ಣೆಗೆ ಇನ್ನೊಂದು ಗುಣವಿದೆ: ಸುಮಾರು 24-25 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ಮಾಗಿಯ ಬೆಳಗ್ಗೆ ಗಾಣದವರು ಅಳೆದು ಕೊಡಬೇಕಾದರೆ ಬೆಚ್ಚಗೆ ಮಾಡಿ ಕರಗಿಸಬೇಕು. ಕರಗಿಸಿದ ಬಿಸಿ ಎಣ್ಣೆಯನ್ನು ಲೀಟರಿನಲ್ಲಿ ಅಳೆದರೆ ತೂಕ ಕಡಿಮೆ ಬೀಳುತ್ತದೆ. ಅಂಥ ದಿನ ತಕ್ಕಡಿಯೇ ಇಬ್ಬರಿಗೂ ನ್ಯಾಯ.

ಹಾಲಿನದ್ದು ಇದೇ ಕಥೆಯ ಇನ್ನೊಂದು ಮುಖ. ಡೈರಿಯಲ್ಲಿ ಲ್ಯಾಕ್ಟೋಮೀಟರ್ ಬಿಟ್ಟು 28 ಎಂದೋ 30 ಎಂದೋ ಓದುತ್ತಾರಲ್ಲ, ಆ ಅಂಕಿ ಏನು? ಹಾಲಿನ ಸಾಂದ್ರತೆಯನ್ನು ಕಿಲೋ/ಘನ ಮೀಟರಿನಲ್ಲಿ ಬರೆದು ಅದರಿಂದ ಸಾವಿರ ಕಳೆದರೆ ಉಳಿಯುವುದೇ ಅದು. 28 ಎಂದರೆ 1028 ಕಿಲೋ/ಘನ ಮೀಟರ್, ಅಥವಾ 1.028 ಗ್ರಾಂ/ಮಿಲಿಲೀಟರ್. ಮಾನ ಬದಲಿಸುವ ಲೆಕ್ಕವನ್ನು ದಿನಕ್ಕೆ ಎರಡು ಹೊತ್ತು ನಮ್ಮ ಹಳ್ಳಿಗಳಲ್ಲಿ ಗಾಜಿನ ಕೊಳವೆ ಮಾಡಿಕೊಡುತ್ತಿದೆ. ಇಲ್ಲೂ ಬಿಸಿಯ ಪ್ರಶ್ನೆ ಬಿಡದು. ಕೆಲವು ಲ್ಯಾಕ್ಟೋಮೀಟರುಗಳು 27 ಡಿಗ್ರಿಗೆ ತಯಾರಾದವು, ಕೆಲವು 15.5 ಡಿಗ್ರಿಗೆ; ಹಾಲು ಅದಕ್ಕಿಂತ ಬಿಸಿ ಇದ್ದರೆ ಅಂಕಿ ಕಡಿಮೆ ತೋರಿಸುತ್ತದೆ, ತಿದ್ದಿಕೊಳ್ಳಬೇಕು. ಆಗತಾನೇ ಕರೆದ ನೊರೆಹಾಲಿನಲ್ಲಿ ಗಾಳಿಯ ಗುಳ್ಳೆ ಇರುವುದರಿಂದಲೂ ಅಂಕಿ ಇಳಿಯುತ್ತದೆ. ನೀರು ಬೆರೆಸಿಲ್ಲದವರ ಹಾಲನ್ನೂ ಬಿಸಿಯಲ್ಲಿ, ನೊರೆಯಲ್ಲಿ ಪರೀಕ್ಷಿಸಿದರೆ ಅನುಮಾನ ಹುಟ್ಟಿಸಬಹುದು. ಇದಕ್ಕೆ ವಿರುದ್ಧವಾಗಿ, ಕೆನೆ ತೆಗೆದರೆ ಅಂಕಿ ಏರುತ್ತದೆ, ನೀರು ಹಾಕಿದರೆ ಇಳಿಯುತ್ತದೆ. ಎರಡನ್ನೂ ಮಾಡಿದವನ ಹಾಲು ಲ್ಯಾಕ್ಟೋಮೀಟರಿನಲ್ಲಿ ಪಾಸಾಗಬಹುದು. ಜಿಡ್ಡಿನ ಪರೀಕ್ಷೆ ಜೊತೆಗಿರಬೇಕಾದದ್ದು ಅದಕ್ಕೇ.

ತೂಕ, ಗಾತ್ರಗಳ ನಡುವೆ ಹಾಲಿಗಿರುವ ಅಂತರ ಶೇಕಡ 3. ನೂರು ಲೀಟರ್ ಹಾಲು ಸುಮಾರು 103 ಕಿಲೋ. ನೂರು ಕಿಲೋ ಹಾಲು ಸುಮಾರು 97 ಲೀಟರ್. ಬೆಲೆ ಲೀಟರಿಗೆ ಗೊತ್ತಾಗಿ ಅಳತೆ ಕಿಲೋದಲ್ಲಿ ನಡೆದಾಗ, ಅಥವಾ ಇದರ ತಿರುವುಮುರುವಾದಾಗ, 1.03 ಎಂಬ ಅಂಕಿ ಎಲ್ಲಿ ಸೇರಿತು ಎಂದು ಕೇಳುವ ಹಕ್ಕು ಹಾಲು ಹಾಕುವ ಹೆಣ್ಣುಮಕ್ಕಳಿಗೂ ಇದೆ, ಸಂಘದ ಕಾರ್ಯದರ್ಶಿಗೂ ಇದೆ.

ಎಷ್ಟು ತೇವ?

ಎರಡನೆಯ ಪ್ರಶ್ನೆಗೆ ಕೊಬ್ಬರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಬಿಟ್ಟು, ಒಳಗಿನ ನೀರು ಪೂರ್ತಿ ಆರಿ, ತಿರುಳು ಚಿಪ್ಪು ಬಿಟ್ಟ ಮೇಲೆ ಸಿಗುವುದು ಉಂಡೆ ಕೊಬ್ಬರಿ. ತೇವ ಶೇಕಡ 7 ಇರುವ ನೂರು ಕಿಲೋ ಕೊಬ್ಬರಿಯಲ್ಲಿ 93 ಕಿಲೋ ಒಣ ಪದಾರ್ಥ. ಅದೇ ಒಣ ಪದಾರ್ಥ ಶೇಕಡ 10 ತೇವದಲ್ಲಿದ್ದರೆ ತಕ್ಕಡಿಯಲ್ಲಿ 103 ಕಿಲೋ 300 ಗ್ರಾಂ. ಉಂಡೆ ಕೊಬ್ಬರಿಗೆ ಕೇಂದ್ರ 2025ರ ಹಂಗಾಮಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಆ ದರದಲ್ಲಿ 3 ಕಿಲೋ 300 ಗ್ರಾಂ ನೀರಿನ ಬೆಲೆ ಸುಮಾರು 400 ರೂಪಾಯಿ. ಕೊಳ್ಳುವವರು ತೇವ ನೋಡಿ ಮುಟ್ಟುವುದು ಏಕೆ, ಚೆನ್ನಾಗಿ ಒಣಗಿಸಿದವರಿಗೆ ದರ ಏಕೆ ಹೆಚ್ಚು ಸಿಗಬೇಕು ಎಂಬ ಎರಡಕ್ಕೂ ಉತ್ತರ ಇದರಲ್ಲಿದೆ.

ಮಣ್ಣಿಗೂ ಹೀಗೆಯೇ. ಮಣ್ಣಿನ ಸಾಂದ್ರತೆ ತಿಳಿಯಲು 100 ಘನ ಸೆಂ.ಮೀ. ಹಿಡಿಯುವ ಲೋಹದ ಬಳೆಯನ್ನು ನೆಲಕ್ಕೆ ಇಳಿಸಿ, ಒಳಗಿನ ಮಣ್ಣನ್ನು 105 ಡಿಗ್ರಿಯಲ್ಲಿ ಪೂರ್ತಿ ಒಣಗಿಸಿ ತೂಗುತ್ತಾರೆ. ಒಣಗಿಸದೆ ತೂಗಿದರೆ ಮಳೆ ಬಂದ ಮರುದಿನ ಒಂದು ಉತ್ತರ, ಬೇಸಿಗೆಯಲ್ಲಿ ಇನ್ನೊಂದು. 145 ಗ್ರಾಂ ಬಂತೆನ್ನಿ: 1.45 ಗ್ರಾಂ/ಘನ ಸೆಂ.ಮೀ., ಅಂದರೆ 1.45 ಟನ್/ಘನ ಮೀಟರ್. ಒಂದು ಹೆಕ್ಟೇರಿನ ಮೇಲಿನ 15 ಸೆಂ.ಮೀ. ಪದರದಲ್ಲಿ 1500 ಘನ ಮೀಟರ್ ಮಣ್ಣು; ತೂಕ 2175 ಟನ್. ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲ ಶೇಕಡ 0.5 ಎಂದಿದ್ದರೆ ಆ ಪದರದಲ್ಲಿ ಸುಮಾರು 11 ಟನ್ ಇಂಗಾಲ. ಒಂದು ಲೋಡು ಗೊಬ್ಬರ ಹಾಕಿ ಮಣ್ಣು ಬದಲಾಯಿತು ಎನ್ನುವವರು ಈ 2175 ಟನ್ನನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ತೋಟಕ್ಕೆ ಕೆರೆಗೋಡು ಹೊಡೆಸುವಾಗಲೂ ಹಸಿ ಗೋಡಿನ ಲೋಡಿನಲ್ಲಿ ನೀರಿನ ಪಾಲು ಸಣ್ಣದಲ್ಲ. ಕೆರೆ ಒಣಗಿ ಬಿರುಕು ಬಿಟ್ಟ ಮೇಲೆ ತೆಗೆದ ಗೋಡಿನಲ್ಲಿ ಅದೇ ಬಾಡಿಗೆಗೆ ಹೆಚ್ಚು ಮಣ್ಣು ತೋಟ ಸೇರುತ್ತದೆ.

ಸಂದಿನ ಗಾಳಿ ಸೇರಿಯೋ, ಬಿಟ್ಟೋ?

ಮೂರನೆಯ ಪ್ರಶ್ನೆಯಲ್ಲಿ ಮೊತ್ತ ದೊಡ್ಡದು. ಕಲ್ಲಿಗೆ ಒಂದು ಸಾಂದ್ರತೆ, ಕಲ್ಲಿನ ರಾಶಿಗೆ ಇನ್ನೊಂದು. ರಾಶಿಯಲ್ಲಿ ಸಂದುಗಳಿವೆ, ಸಂದುಗಳಲ್ಲಿ ಗಾಳಿಯಿದೆ.

ನಮ್ಮ ನಾರಿನ ಕಾರ್ಖಾನೆಗಳ ಪುಡಿ ಇದಕ್ಕೆ ಸೊಗಸಾದ ಉದಾಹರಣೆ. ಒಣಗಿಸಿ ಒತ್ತಿದ 5 ಕಿಲೋ ಇಟ್ಟಿಗೆಯ ಅಳತೆ ಸುಮಾರು 30×30×12 ಸೆಂ.ಮೀ., ಗಾತ್ರ 10,800 ಘನ ಸೆಂ.ಮೀ. ಭಾಗಿಸಿದರೆ 0.46 ಗ್ರಾಂ/ಘನ ಸೆಂ.ಮೀ., ಅಂದರೆ 460 ಕಿಲೋ/ಘನ ಮೀಟರ್. ಒತ್ತುವ ಮೊದಲು ಅದು ಐದು ಪಟ್ಟು ಜಾಗ ಹಿಡಿಯುತ್ತಿತ್ತು, ಘನ ಮೀಟರಿಗೆ 100 ಕಿಲೋ ಕೂಡ ಇರಲಿಲ್ಲ. 40 ಅಡಿ ಕಂಟೇನರಿನ ಒಳಗಾತ್ರ ಸುಮಾರು 67 ಘನ ಮೀಟರ್, ಹೊರುವ ಭಾರ ಸುಮಾರು 26 ಟನ್. ಸಡಿಲ ಪುಡಿ ತುಂಬಿದರೆ ಆರೇಳು ಟನ್ನಿಗೇ ಜಾಗ ಮುಗಿಯುತ್ತದೆ. ಒತ್ತಿದ ಇಟ್ಟಿಗೆ ತುಂಬಿದರೆ ಜಾಗ ಉಳಿದಿರುವಾಗಲೇ ಭಾರದ ಮಿತಿ ಮುಟ್ಟುತ್ತದೆ. ಪುಡಿಯನ್ನು ಒತ್ತುವ ಯಂತ್ರ ಹಣ ಉಳಿಸುವುದು ಗಾಳಿಗೆ ಹಡಗಿನ ಬಾಡಿಗೆ ಕಟ್ಟುವುದನ್ನು ತಪ್ಪಿಸಿ.

ಇನ್ನು ಅದಿರು. ನಮ್ಮ ತಾಲ್ಲೂಕು ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರು ತೆಗೆದ ಕಾಲವನ್ನು ನೀವೆಲ್ಲ ಕಂಡಿದ್ದೀರಿ. 2011ರ ಜುಲೈಯಲ್ಲಿ ಅಕ್ರಮ ಗಣಿಗಾರಿಕೆ ಕುರಿತು ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಸುಪ್ರೀಂ ಕೋರ್ಟ್ ಮೊದಲು ಬಳ್ಳಾರಿಯಲ್ಲಿ, ಆಗಸ್ಟ್‌ನಲ್ಲಿ ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಗಣಿಗಾರಿಕೆ ನಿಲ್ಲಿಸಿತು. ತೆಗೆದು ರಾಶಿ ಹಾಕಿದ್ದ ಅದಿರು ಕೋರ್ಟ್ ನೇಮಿಸಿದ ಉಸ್ತುವಾರಿ ಸಮಿತಿಯ ಮೂಲಕ ಇ-ಹರಾಜಿಗೆ ಬಂತು. ಅಂಥ ಗುಡ್ಡೆಯನ್ನು ಹಾಗೆಯೇ ಎತ್ತಿ ತಕ್ಕಡಿಗೆ ಹಾಕಲು ಆಗದು. ಸರ್ವೆ ಉಪಕರಣದಿಂದ ಅಳೆಯಲು ಸಿಗುವುದು ಗಾತ್ರ, ದುಡ್ಡು ಕಟ್ಟಬೇಕಾದದ್ದು ತೂಕಕ್ಕೆ. ನಡುವೆ ಇರುವುದು ಟನ್/ಘನ ಮೀಟರ್ ಎಂಬ ಒಂದೇ ಅಂಕಿ.

ಹೆಮಟೈಟ್ ಖನಿಜದ ಸಾಂದ್ರತೆ ಪುಸ್ತಕದಲ್ಲಿ 5.26 ಗ್ರಾಂ/ಘನ ಸೆಂ.ಮೀ. ಮಾನ ಬದಲಿಸಿದರೆ 5.26 ಟನ್/ಘನ ಮೀಟರ್; ಬದಲಾವಣೆಯಲ್ಲಿ ಒಂದಿಷ್ಟೂ ತಪ್ಪಿಲ್ಲ. ಆದರೆ ಆ ಅಂಕಿಯಿಂದ ರಾಶಿಯನ್ನು ಗುಣಿಸಿದರೆ ಉತ್ತರ ಹೆಚ್ಚುಕಡಿಮೆ ಇಮ್ಮಡಿ ಬರುತ್ತದೆ. ಸಂದಿನ ಗಾಳಿಯನ್ನೂ, ಅದಿರಿನ ಜೊತೆಗಿರುವ ಬೇರೆ ಕಲ್ಲನ್ನೂ ಹೆಮಟೈಟ್ ಎಂದೇ ಎಣಿಸಿದಂತಾಯಿತು. ರಾಶಿಯ ಸಾಂದ್ರತೆಯನ್ನು ಅಲ್ಲೇ ಅಳೆಯಬೇಕು. ಅಳತೆಯಲ್ಲಿ ಒಬ್ಬರು 2.4, ಇನ್ನೊಬ್ಬರು 2.8 ಹಿಡಿದರು ಎಂದಿಟ್ಟುಕೊಳ್ಳಿ. 10,000 ಘನ ಮೀಟರಿನ ಗುಡ್ಡೆಗೆ ಒಂದು ಲೆಕ್ಕದಲ್ಲಿ 24,000 ಟನ್, ಇನ್ನೊಂದರಲ್ಲಿ 28,000. ದಶಾಂಶದ ಒಂದು ಸ್ಥಾನದಲ್ಲಿ 4,000 ಟನ್ ಅದಿರು ಹುಟ್ಟಬಹುದು, ಮಾಯವಾಗಲೂಬಹುದು. ಅದಕ್ಕೆ ಕಾಗದದಲ್ಲಿ ಸಂಖ್ಯೆ ತಿದ್ದಬೇಕಿಲ್ಲ, ಕೂಡುವ ಕಳೆಯುವ ಲೆಕ್ಕ ತಪ್ಪಬೇಕಿಲ್ಲ. ಸಾರ್ವಜನಿಕ ಸಂಪತ್ತಿನ ಕಡತ ಓದುವವರು ಮೊತ್ತಕ್ಕಿಂತ ಮೊದಲು ಈ ಅಂಕಿಯನ್ನು ಹುಡುಕಬೇಕು, ಅದನ್ನು ಯಾರು, ಎಲ್ಲಿ, ಹೇಗೆ ಅಳೆದರು ಎಂದು ಕೇಳಬೇಕು.

ಮುಗಿಸುವ ಮುನ್ನ

ಎರಡು ಕೋರಿಕೆಗಳಿವೆ. ಮೊದಲನೆಯದು ಉಪಾಧ್ಯಾಯ ಮಿತ್ರರಲ್ಲಿ. ಮಾನ ಬದಲಿಸುವ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಕಲಿಸಿದ ಮೇಲೆ ಮಕ್ಕಳಿಂದ ಒಂದಿಷ್ಟು ಅಳತೆ ಮಾಡಿಸಿ. ಕೊಬ್ಬರಿ ಎಣ್ಣೆಯ ಒಂದು ಲೀಟರನ್ನು ಚಳಿಗಾಲದಲ್ಲಿ ಕರಗಿಸಿ, ಬೇಸಿಗೆಯಲ್ಲಿ ಹಾಗೆಯೇ ತೂಗಲಿ. ಒಂದು ಡಬ್ಬಿ ರಾಗಿಯನ್ನು ಸುಮ್ಮನೆ ತುಂಬಿಯೂ, ಕುಲುಕಿ ತುಂಬಿಯೂ ತೂಗಲಿ. ಉತ್ತರವನ್ನು ಮೂರು ಮೆಟ್ಟಿಲಲ್ಲೂ ಬರೆಯಲಿ, ಪಕ್ಕದಲ್ಲಿ ಬಿಸಿ ಎಷ್ಟು, ತೇವ ಎಷ್ಟು, ಕುಲುಕಿದ್ದೋ ಇಲ್ಲವೋ ಎಂದೂ ಬರೆಯಲಿ. ಆ ಪಕ್ಕದ ಬರಹಕ್ಕೂ ಅಂಕ ಕೊಡಿ.

ಎರಡನೆಯದು ಸಂಘಗಳನ್ನು, ಮಂಡಿಗಳನ್ನು, ಗಾಣಗಳನ್ನು ನಡೆಸುವವರಲ್ಲಿ. ಗಾತ್ರವನ್ನು ತೂಕ ಮಾಡಿ ಹಣ ಕೊಡುವ ಯಾವ ರಸೀದಿಯಲ್ಲೂ ಬಳಸಿದ ಸಾಂದ್ರತೆಯನ್ನು, ಅದರ ಮಾನವನ್ನು, ಅದು ಯಾವ ಸ್ಥಿತಿಯದು ಎಂಬುದನ್ನು ಒಂದು ಸಾಲಿನಲ್ಲಿ ಮುದ್ರಿಸಿ. ಹೆಚ್ಚಿನ ಖರ್ಚಿಲ್ಲ. ಆ ಒಂದು ಸಾಲು ಇದ್ದರೆ ರೈತನ ಮನೆಯ ಎಂಟನೇ ತರಗತಿಯ ಹುಡುಗಿ ರಾತ್ರಿ ಕೂತು ಲೆಕ್ಕವನ್ನು ತಾನೇ ತಾಳೆ ನೋಡಬಲ್ಲಳು. ಇಲ್ಲದಿದ್ದರೆ ವಿಜ್ಞಾನದ ಪದವೀಧರನೂ ಕೊಟ್ಟಷ್ಟು ಎಣಿಸಿಕೊಂಡು ಬರಬೇಕಾಗುತ್ತದೆ.